ಇಪ್ಪತ್ತೊಂದು ಕೊಡ ನೀರು

"ಏಯ್! ಯಾರ್ರೀ ಅದು ನನ್ನ ಬಸ್ ಮೇಲೆ? ಇಳೀರಿ ಕೆಳಗೆ!"

ಶುಭಾಳ ಕೂಗಿಗೆ ಕೆಂಗೇರಿ ಉಪನಗರದ ಆ ಅಡ್ಡರಸ್ತೆಯಲ್ಲಿ ಮೂರು ಮನೆಯ ಕಿಟಕಿ ತೆರೆದವು. ಬಸ್ಸಿನ ಮೇಲಿದ್ದವನು ಮಾತ್ರ ಇಳಿಯಲಿಲ್ಲ. ಮಂಡಿಯೂರಿ ಕೂತು ಒದ್ದೆ ಬಟ್ಟೆಯಲ್ಲಿ ಏನನ್ನೋ ಉಜ್ಜುತ್ತಲೇ ಇದ್ದ.

ಏನನ್ನು ಗೊತ್ತಾ? ಅವಳು ಬೆಳಿಗ್ಗೆ ಎರಡು ಗಂಟೆ ಬಿಸಿಲಲ್ಲಿ ಬೆಂದು, ಟೇಪು ಹಿಡಿದು, ಚಾಕ್‌ಪೀಸಿನಲ್ಲಿ ಬರೆದಿದ್ದ ಎರಡು ಚೌಕಗಳನ್ನ!

"ಅಯ್ಯೋ! ಅದನ್ನ ಯಾಕ್ರೀ ಅಳಿಸ್ತಿದೀರಾ? ತಲೆ ಕೆಟ್ಟಿದೆಯಾ?"

"ತಲಿ ಸರಿ ಐತ್ರಿ ಮೇಡಂ. ನಿಮ್ಮ ಗುರುತು ಸರಿ ಇಲ್ಲ. ಇದರ ಕೆಳಗ ಕಬ್ಬಿಣದ ಕಮಾನು ಐತಿ. ಇಲ್ಲಿ ಕೊಯ್ದ್ರ ಬಸ್ಸಿನ ಪಕ್ಕೆಲುಬು ಮುರದಂಗ."

"ಬಸ್ ನಂದು. ನಾನು ಹೇಳಿದ ಕಡೆ ಕೊಯ್ದ್ರೆ ಸಾಕು."

"ಬಸ್ಸು ನಿಮ್ದು ಖರೆ. ಕೊಯ್ಯೂ ಕೈ ನಂದ್ರಿ."

ಅಬ್ಬಾ, ಕೊಬ್ಬೇ! ಶುಭಾ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಅವನೂ ಎದ್ದು ನಿಂತ. ಎಣ್ಣೆಗಪ್ಪು ಮುಖ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ನಗು ತಡೆಯಲಾಗದ ಕಣ್ಣು...

'ನೋಡೋಕೆ ಮಾತ್ರ ಚೆನ್ನಾಗಿದಾನೆ ದರಿದ್ರ!' ಅಂದುಕೊಂಡಳು.

ಶುಭಾಳ ಬಾಯಿಗೆ ಬೀಗ ಇಲ್ಲ. ಹುಟ್ಟಿದಾಗಿನಿಂದ ಇಲ್ಲ. ಇದನ್ನ ಈಗಲೇ ಹೇಳಿಬಿಡ್ತೀನಿ, ಮುಂದೆ ಅವಳು ಮಾಡೋದನ್ನ ಓದಿ ನನಗೆ ಶಾಪ ಹಾಕಬೇಡಿ.

ವಯಸ್ಸು ಮೂವತ್ತು. ಬ್ಲೌಸ್ ಹೊಲಿಯೋದರಲ್ಲಿ ಎತ್ತಿದ ಕೈ. ಯಾವುದೋ ಶಾಲೆ ಮಾರಿದ್ದ ಹಳೇ ಹಳದಿ ಬಸ್ಸನ್ನ ಕೊಂಡು ಓಡಾಡೋ ಟೈಲರ್ ಅಂಗಡಿ ಮಾಡ್ತಿದ್ದಳು. ಸೋಮವಾರ ಬಸವೇಶ್ವರನಗರ, ಮಂಗಳವಾರ ವಿಜಯನಗರ, ಬುಧವಾರ ರಾಜಾಜಿನಗರ, ಹೀಗೆ ಸುತ್ತೋ ಯೋಜನೆ. ಎರಡು ಮಿಷಿನ್ನು, ಕಟಿಂಗ್ ಟೇಬಲ್ಲು, ಇಸ್ತ್ರಿಪೆಟ್ಟಿಗೆ, ಹಿಂದೆ ಒಂದು ಪರದೆ ಹಾಕಿದ ಟ್ರಯಲ್ ಮೂಲೆ. ಕಿಟಕಿಗಳಿಗೆಲ್ಲ ಪ್ಲೈವುಡ್ ಹೊಡೆದು ಬಟ್ಟೆ ಇಡೋ ಖಾನೆ ಮಾಡಿಸಿಬಿಟ್ಟಿದ್ದಳು. ಹಾಗಾಗಿ ಗಾಳಿ ಬರೋದಿದ್ದರೆ ಮೇಲಿನಿಂದಲೇ ಬರಬೇಕು.

ಎರಡನೇ ಮಿಷಿನ್ನು ಅಮ್ಮ ಅಂಬುಜಾದು. ಶುಭಾಗೆ ಕತ್ತರಿ ಹಿಡಿಯೋದು ಕಲಿಸಿದ್ದೇ ಅವರು. ಅಂಬುಜಾಗೆ ಆಸ್ತಮಾ. ಸೆಕೆ, ಹೊಗೆ ಎರಡೂ ಆಗದು.

"ಎರಡು ಕಿಂಡಿ ಇಡ್ತೇನ್ರಿ," ಅಂದ ಅವನು ಕೆಳಗಿಳಿದು ಬಂದು. "ಮುಂದಿಂದು ಗಾಳಿ ಒಳಗ ತರ್ತೈತಿ. ಹಿಂದಿಂದಕ್ಕ ಫ್ಯಾನ್, ಸೆಕಿ ಹೊರಗ ಹಾಕ್ತೈತಿ. ಅಮ್ಮಾರಿಗೆ ಏನೂ ಆಗಂಗಿಲ್ಲ. ನಾ ಜವಾಬ್ದಾರಿ."

ಅವನ ಹೆಸರು ವಿಠ್ಠಲ. ಬಾಗಲಕೋಟೆ ಕಡೆಯವನು. ದೀಪಾಂಜಲಿ ನಗರದ ಹಿಂದಿನ ಗಲ್ಲಿಯಲ್ಲಿ ಚನ್ನವೀರೇಶ್ ಅವರ ಬಸ್ ಬಾಡಿ ಶೆಡ್ಡಿನಲ್ಲಿ ಒಂಬತ್ತು ವರ್ಷ ತಗಡು ಕೊಯ್ದವನು. ಹೊರಗೆ ಬಂದು ಎರಡು ತಿಂಗಳಾಗಿತ್ತು.

"ಇದು ನನ್ನ ಹೆಸರಿನ್ಯಾಗ ಮೊದಲನೇ ಕೆಲಸ್ರಿ. ಇದು ಚೆಂದ ಆದ್ರ ನಾಲ್ಕು ಮಂದಿ ಕರೀತಾರ. ಕೆಟ್ಟರ ಆ ಗಲ್ಲಿಯೊಳಗ ನನ್ನ ಯಾರೂ ನಿಂದ್ರಸಂಗಿಲ್ಲ. ಅಲ್ಲಿ ಹೆಸರ ಎಲ್ಲಾ."

ಹತ್ತು ದಿನ ಕೆಲಸ ನಡೀತು. ತಗಡು ಕೊಯ್ದ ಅಂಚನ್ನ ಅವನು ಅರದಿಂದ ಉಜ್ಜಿ ಉಜ್ಜಿ, ಬೆರಳಾಡಿಸಿ ನೋಡೋನು. ಸುತ್ತ ರಬ್ಬರ್ ಕೂರಿಸಿ, ರಿವಿಟ್ ಹೊಡೆದು, ಅದರ ಮೇಲೆ ಮಳೆ ಬೀಳದ ಹಾಗೆ ಎತ್ತಿಳಿಸೋ ತಗಡಿನ ಟೋಪಿ. ಶುಭಾ ಕೆಳಗೆ ನಿಂತು ದಿನಕ್ಕೆ ನೂರು ತಕರಾರು ತೆಗೆದಳು. ಅವನು ನೂರಕ್ಕೂ "ಹೂಂ ರೀ" ಅಂದು, ತನಗೆ ಸರಿ ಕಂಡದ್ದನ್ನೇ ಮಾಡಿದ.

ಅಮ್ಮ ಅವನಿಗೆ ಮಧ್ಯಾಹ್ನ ಮೊಸರನ್ನ ಬಡಿಸೋರು. ಅವನು ತನ್ನ ಡಬ್ಬಿಯ ರೊಟ್ಟಿ, ಶೇಂಗಾಚಟ್ನಿ ಅಮ್ಮನ ತಟ್ಟೆಗೆ ಹಾಕೋನು. ಅಪ್ಪ ಪದ್ಮನಾಭ ರಿಟೈರ್ಡ್ ಹೆಡ್‌ಮಾಸ್ಟರು. ಕಾಫಿ ಅವರೇ ತರೋರು. ಮನೆಯವರಿಗೆ ಸ್ಟೀಲ್ ಲೋಟ, ವಿಠ್ಠಲನಿಗೆ ಪೇಪರ್ ಕಪ್ಪು.

ಶುಭಾ ಅದನ್ನ ನೋಡಿದ್ದಳು. ಅಷ್ಟು ದೊಡ್ಡ ಬಾಯಿ ಅದೊಂದು ವಿಷಯಕ್ಕೆ ತೆರೆಯಲಿಲ್ಲ!

ಹನ್ನೊಂದನೇ ದಿನ ವಿಠ್ಠಲ ಬಿಳಿ ಅಂಗಿ ಹಾಕಿಕೊಂಡು ಬಂದ.

"ಏನ್ರೀ ಇವತ್ತು ಮದುಮಗನ ಥರ?"

"ಪರೀಕ್ಷಾ ಐತ್ರಿ. ನಮ್ಮ ಗಲ್ಲಿ ಪದ್ಧತಿ. ಮ್ಯಾಲ ಕೊಯ್ದಾವ ಬಿಳಿ ಅಂಗಿ ಹಾಕ್ಕೊಂಡು ಕೆಳಗ ಕುಂದರಬೇಕು. ಬಸ್ಸಿನ ಮಾಲಕರು ಮ್ಯಾಲಿಂದ ಇಪ್ಪತ್ತು ಕೊಡ ನೀರು ಸುರೀಬೇಕು. ಅಂಗಿ ಮ್ಯಾಲ ಒಂದು ಹನಿ ಬಿದ್ರೂ ಕೆಲಸ ಫೇಲು."

ಇಂಥ ಅವಕಾಶ ಶುಭಾ ಬಿಡ್ತಾಳಾ? ಇಪ್ಪತ್ತು ಕೊಡಾನೂ ಸುರಿದಳು. ಸುಮ್ಮನೆ ಅಲ್ಲ, ರಬ್ಬರ್ ಅಂಚಿಗೇ ಗುರಿ ಇಟ್ಟು! ಆಮೇಲೆ ಮೇಲೊಂದು, ಇಪ್ಪತ್ತೊಂದನೇದು, ಬೇಕಂತಲೇ.

ಇಳಿದು ಬಂದು ನೋಡಿದರೆ ಅಂಗಿ ಬೆಳ್ಳಗೆ, ಒಣಗಿಯೇ ಇತ್ತು. ಅವನು ಕಣ್ಣು ಮುಚ್ಚಿ ಕೂತಿದ್ದ, ತುಟಿಯಲ್ಲಿ ಸಣ್ಣ ನಗು.

"ಇಪ್ಪತ್ತೊಂದು ಸುರಿದ್ರಿ."

"ಎಣಿಸ್ತಿದ್ರಾ?"

"ನಿಮ್ಮ ಹೆಜ್ಜಿ ಸಪ್ಪಳ ಎಣಿಸ್ತಿದ್ನಿ," ಅಂದುಬಿಟ್ಟ. ಅಂದವನೇ ನಾಲಿಗೆ ಕಚ್ಚಿಕೊಂಡ.

ಶುಭಾಗೆ ಆ ದಿನ ಊಟ ಸೇರಲಿಲ್ಲ. 'ಹೇ ಭಗವಂತಾ, ಇವನ ಮೇಲೆ ಮನಸ್ಸಾಗಿಬಿಟ್ಟಿದೆ ನಂಗೆ...!'

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮುಗಿಯಲಿಲ್ಲ.

ಅಕ್ಷಯ ತೃತೀಯದ ದಿನ ಅಂಗಡಿ ಪೂಜೆ. ಬಿಸಿಲು ತಲೆ ಸೀಳ್ತಿತ್ತು. ಬಸ್ಸಿನ ಒಳಗೆ ಹದಿನಾಲ್ಕು ಹೆಂಗಸರು, ಕರ್ಪೂರ, ಸಾಂಬ್ರಾಣಿ, ಕಾದ ಇಸ್ತ್ರಿಪೆಟ್ಟಿಗೆ. ಕಾಂಪೌಂಡಿನ ಒಳಗೆ, ಶಾಮಿಯಾನದ ಕೆಳಗೆ ಚನ್ನವೀರೇಶ್ ಮತ್ತು ಅವರ ಗಲ್ಲಿಯ ನಾಲ್ಕೈದು ಜನ. ವಿಠ್ಠಲನ ಮೊದಲ ಕೆಲಸ ನೋಡೋಕೆ ಬಂದವರು.

ವಿಠ್ಠಲ ಮಾತ್ರ ಇರಲಿಲ್ಲ. ಅಪ್ಪ ಅವನನ್ನ ಬಾಳೆ ಎಲೆ ತರೋಕೆ ಅಟ್ಟಿದ್ದರು.

"ಶುಭಾ... ಯಾಕೋ ಗಾಳಿ..." ಅಂದರು ಅಮ್ಮ.

"ಫ್ಯಾನ್ ಓಡ್ತಿದೆ ಕಣಮ್ಮ. ಎರಡೇ ನಿಮಿಷ, ಮಂಗಳಾರತಿ ಆಗಲಿ."

ಫ್ಯಾನಿನ ಸದ್ದೇನೋ ಬರ್ತಿತ್ತು. ಹೊಗೆ ಮಾತ್ರ ಹೋಗ್ತಿರಲಿಲ್ಲ. ಮೇಲಕ್ಕೆ ಏರಿ, ಅಲ್ಲೇ ಸುತ್ತಿ, ವಾಪಸ್ ಮುಖಕ್ಕೇ ಬರ್ತಿತ್ತು. ಗಂಟೆ ಬಾರಿಸೋ ಹೊತ್ತಿಗೆ ಅಂಬುಜಾ ಮಿಷಿನ್ನಿನ ಮೇಲೆ ಒರಗಿದರು. ತುಟಿ ನೀಲಿಗಟ್ಟಿತ್ತು.

"ಅಮ್ಮಾ...!"

ನಾಲ್ಕು ಜನ ಸೇರಿ ಮುಂದಿನ ಬಾಗಿಲಿಂದ ಹೊತ್ತು ತಂದು ಕಾಂಪೌಂಡಿನ ನೆರಳಲ್ಲಿ ಮಲಗಿಸಿದರು. ಆಸ್ತಮಾ ಪಂಪು ಬಾಯಿಗಿಟ್ಟರೂ ಉಸಿರು ಎಳೆಯೋಕೆ ಆಗ್ತಿಲ್ಲ. ಯಾರೋ ಕಾರು ತರೋಕೆ ಓಡಿದರು.

ಆಗ ವಿಠ್ಠಲ ಬಸ್ಸಿನ ಹಿಂದಿನ ಏಣಿಯಿಂದ ಇಳಿದು ಓಡಿ ಬಂದ. ಕೈಯಲ್ಲಿ ತಗಡು ಕೊಯ್ಯೋ ಚಾಕು, ಮೈಯೆಲ್ಲ ಬೆವರು.

"ಮೇಡಂ, ಅಮ್ಮಾರು ಹೆಂಗ..."

ಛಟೀರ್!

ಎಲ್ಲರ ಎದುರು. ಗಲ್ಲಿಯವರ ಎದುರು, ಚನ್ನವೀರೇಶ್ ಎದುರು.

"ಬಿಳಿ ಅಂಗಿ ಹಾಕ್ಕೊಂಡು ನಾಟಕ ಆಡಿದ್ಯಲ್ಲೋ! ಜವಾಬ್ದಾರಿ ಅಂದ್ಯಲ್ಲ! ನಿನ್ನ ಕೈ ಮಾಡೋದು ಕಿಂಡಿ ಅಲ್ಲ ಕಣೋ, ಹೆಣ! ನನ್ನ ಅಮ್ಮನಿಗೆ ಏನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ!"

ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬಾಯಿ ತೆರೆದ. ಅವಳ ಹಿಂದೆ ನಿಂತಿದ್ದ ಪದ್ಮನಾಭರನ್ನ ನೋಡಿದ. ಮತ್ತೆ ಮುಚ್ಚಿಕೊಂಡ.

"ಇನ್ನೂ ಯಾಕೆ ನಿಂತಿದ್ಯೋ? ಹೋಗು ಇಲ್ಲಿಂದ!"

"ಹೋಗ್ತೇನ್ರಿ."

ಅಷ್ಟೇ. ಓಡುವಾಗ ಕೆಳಗೆ ಬಿಟ್ಟಿದ್ದ ಬಾಳೆ ಎಲೆ ಕಟ್ಟನ್ನ ಎತ್ತಿ ಜಗಲಿ ಮೇಲೆ ನೆಟ್ಟಗೆ ಇಟ್ಟು, ಗೇಟು ದಾಟಿ ಹೋದ.

ಅಮ್ಮ ಐದು ದಿನ ಆಸ್ಪತ್ರೆಯಲ್ಲಿದ್ದರು. ಉಳಿದರು. ಆ ಐದು ದಿನದಲ್ಲಿ ಶುಭಾ ಐಸಿಯು ಬಾಗಿಲಲ್ಲಿ ಕೂತು ಮಾಡಿದ ಕೆಲಸ ಏನು ಗೊತ್ತಾ? ವಾಯ್ಸ್ ಮೆಸೇಜು. ಗಿರಾಕಿಗಳ ಗ್ರೂಪಿಗೆ, ಬಸ್ಸಿನವರ ಗ್ರೂಪಿಗೆ, ಚನ್ನವೀರೇಶ್ ಅವರ ನಂಬರಿಗೆ.

"ವಿಠ್ಠಲ ಅನ್ನೋನಿಗೆ ಯಾರೂ ಕೆಲಸ ಕೊಡಬೇಡಿ. ಅವನು ಜೀವ ತೆಗೀತಾನೆ."

ಒಬ್ಬರಿಂದ ಹತ್ತು ಜನಕ್ಕೆ ಹೋಯ್ತು. ಅವನಿಗೆ ಬರಬೇಕಿದ್ದ ಎರಡು ಬಸ್ಸು ಬರಲಿಲ್ಲ. ಚಾ ಅಂಗಡಿಯಲ್ಲಿ ಅವನನ್ನ ನೋಡಿ ಯಾರೋ "ಏನ್ ಮಚ್ಚಾ, ಹೆಣದ ಕಿಂಡಿ!" ಅಂದರಂತೆ. ಮಾರನೇ ದಿನದಿಂದ ಅವನು ಆ ಗಲ್ಲಿಗೇ ಬರಲಿಲ್ಲ.

ಶುಭಾ ಬಸ್ಸಿಗೆ ಬೀಗ ಹಾಕಿದಳು. ರಾತ್ರಿಯೆಲ್ಲ ಅವನನ್ನ ಬೈದುಕೊಂಡಳು, ಬೈಯುತ್ತಾ ಅತ್ತಳು. ಯಾಕೆ ಅಳ್ತಿದೀನಿ ಅಂತ ತನ್ನನ್ನೇ ಕೇಳಿಕೊಳ್ಳೋ ಧೈರ್ಯ ಅವಳಿಗಿರಲಿಲ್ಲ.

ನಲವತ್ತು ದಿನ ಆದ ಮೇಲೆ ಫ್ಯಾನ್ ಕಿತ್ತು ಬೇರೆ ಹಾಕಿಸೋಣ ಅಂತ ಅದೇ ಗಲ್ಲಿಯ ಸೀನ ಅನ್ನೋ ಟಿಂಕರನ್ನ ಕರೆಸಿದಳು. ಸೀನ ಮೇಲೆ ಹತ್ತಿ ಕಾಲು ಗಂಟೆ ಎಲ್ಲ ತಡವಿ ನೋಡಿದ. ಆಮೇಲೆ ಸ್ವಿಚ್ ಹಾಕಿಸಿ ಒಂದು ಊದುಬತ್ತಿ ಹಚ್ಚಿಸಿದ. ಹೊಗೆ ಗೆರೆ ಎಳೆದ ಹಾಗೆ ಮೇಲೆ ಹೋಗಿ ಮಾಯವಾಯ್ತು.

"ಮೇಡಂ, ಇದು ಕೆಟ್ಟೇ ಇಲ್ಲ. ನಮ್ಮ ಗಲ್ಲೀಲಿ ಇಷ್ಟು ನೀಟಾಗಿ ಕೊಯ್ಯೋನು ಇನ್ನೊಬ್ಬನಿಲ್ಲ. ನಾನು ಇದನ್ನ ಮುಟ್ಟಲ್ಲ."

"ಮತ್ತೆ ಅವತ್ತು...?"

"ಅವತ್ತು ಮೇಲೆ ಏನಾದ್ರೂ ಮುಚ್ಚಿದ್ರಾ? ಟೋಪಿ ಅಂಚಿಗೆ ಇದು ಸಿಕ್ಕೊಂಡಿತ್ತು ನೋಡಿ."

ಅಂಗೈ ಅಗಲದ ಫ್ಲೆಕ್ಸ್ ಚೂರು. ಚಾಕುವಿನಲ್ಲಿ ಸೀಳಿದ್ದು. ಅದರ ಮೇಲೆ ಒಂದು ಹಣೆ, ಒಂದು ಬೊಟ್ಟು, ಒಂದು ಕಣ್ಣು.

ಅವಳದೇ.

ಅವಳ ಫೋಟೋ ಹಾಕಿ ಫ್ಲೆಕ್ಸ್ ಮಾಡಿಸೋರು ಈ ಭೂಮಿ ಮೇಲೆ ಒಬ್ಬರೇ.

ಅಪ್ಪ ಹಾಲ್‌ನಲ್ಲಿ ಪೇಪರ್ ಓದ್ತಿದ್ದರು. ಅಮ್ಮ ಪಕ್ಕದಲ್ಲಿ ಹುಕ್ಕು ಹಾಕ್ತಿದ್ದರು. ಶುಭಾ ಆ ಚೂರನ್ನ ಪೇಪರಿನ ಮೇಲೆ ಇಟ್ಟಳು.

ಪದ್ಮನಾಭರ ಮುಖ ಬಿಳುಚಿತು.

"ನಿಂಗೆ ಸರ್ಪ್ರೈಸ್ ಮಾಡೋಣ ಅಂತ... ಫ್ಲೆಕ್ಸಿನವರು ತಡವಾಗಿ ತಂದ್ರು. ನೀವೆಲ್ಲ ಒಳಗೆ ಪೂಜೇಲಿದ್ರಿ. ಮೇಲಿಂದ ಹಾಸಿ ರಸ್ತೆ ಕಡೆ ಇಳಿಬಿಡಿ ಅಂದೆ. ಎಲ್ಲರಿಗೂ ಕಾಣಲಿ ಅಂತ. ಕಿಂಡಿ ಮುಚ್ಚುತ್ತೆ ಅಂತ ಹೊಳೀಲೇ ಇಲ್ಲಮ್ಮ!"

"ಯಾವಾಗ ಹೊಳೀತು?"

ಅಪ್ಪ ಪೇಪರ್ ಮಡಚೋಕೆ ಶುರು ಮಾಡಿದರು.

"ಯಾವಾಗ ಹೊಳೀತು ಅಪ್ಪಾ?!"

"ಅವನು ಓಡಿ ಬಂದು, ಮೇಲೆ ಹತ್ತಿ ಹರಿದು ಹಾಕಿದ್ನಲ್ಲ, ಆಗ. ಅವನೂ ನನ್ನ ನೋಡ್ದ. ನಾನು... ಕೈ ಮುಗಿದೆ. ಹೇಳಬೇಡ ಅಂತ. ಅವನು ತಲೆ ಆಡಿಸ್ದ. ಹರಿದ ಫ್ಲೆಕ್ಸನ್ನ ಆಮೇಲೆ ನಾನೇ ಎತ್ತಿ ಬಚ್ಚಿಟ್ಟೆ."

"ನಾನು ಅವನಿಗೆ ಹೊಡೀತಿದ್ದಾಗ ನೀವು ನನ್ನ ಹಿಂದೇನೇ ನಿಂತಿದ್ರಿ!"

"ಮೊದಲು ಹೆದರಿಕೆ ಕಣಮ್ಮ. ನಿಮ್ಮಮ್ಮನ್ನ ನಾನೇ ಕೊಂದೆ ಅನ್ನೋ ಹೆದರಿಕೆ. ಅವಳು ಉಳಿದ ಮೇಲೆ..." ಅವರ ಧ್ವನಿ ಇಳೀತು. "ಅವಳು ಉಳಿದ ಮೇಲೆ ಹೇಳಬಹುದಿತ್ತು. ಆದ್ರೆ ನೀನು ಅವನ್ನ ನೋಡೋ ರೀತಿ ನಂಗೆ ಗೊತ್ತಿತ್ತು. ತಗಡು ಕೊಯ್ಯೋನು... ಹೀಗೇ ದೂರ ಆಗಿಬಿಡಲಿ ಅಂದ್ಕೊಂಡೆ."

ನಲವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಅಂತ ಪಾಠ ಮಾಡಿದ ಬಾಯಿ ಅದು!

ಅಂಬುಜಾ ಸೂಜಿಯನ್ನ ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು.

"ನನ್ನ ಉಸಿರು ಕಟ್ಟಿದ್ದು ಐದು ನಿಮಿಷ ರೀ. ಆ ಹುಡುಗನ ಉಸಿರು ನಲವತ್ತು ದಿನದಿಂದ ಕಟ್ಟಿ ಹಾಕಿದೀರಲ್ಲ, ಅದಕ್ಕೆ ಯಾವ ಪಂಪು ಇದೆ?"

ಶುಭಾ ಆಗಲೇ ಚಪ್ಪಲಿ ಮೆಟ್ಟಿದ್ದಳು.

ವಿಠ್ಠಲ ನಾಗರಬಾವಿಯಲ್ಲಿ ಸಿಕ್ಕಿದ. ಹುಡುಗರು ರೂಮು ಮಾಡಿಕೊಂಡಿರೋ ಒಂದು ಕಟ್ಟಡದ ಕೆಳಗೆ, ಬೈಕಿನ ಮೇಲೆ, ಬೆನ್ನಿಗೆ ಊಟ ಹೊರೋ ದೊಡ್ಡ ಚೀಲ. ಕಿವಿಯಲ್ಲಿ ಪೆನ್ಸಿಲ್ ಇರಲಿಲ್ಲ. ಮುಖ ಇಳಿದುಹೋಗಿತ್ತು.

"ವಿಠ್ಠಲ..."

ಅವನು ಒಂದು ಕ್ಷಣ ನೋಡಿದ. ಆಮೇಲೆ ಮೊಬೈಲ್ ನೋಡಿದ.

"ಆರ್ಡರ್ ತಡ ಆಗತೈತ್ರಿ ಮೇಡಂ."

"ನಂಗೆಲ್ಲ ಗೊತ್ತಾಯ್ತು. ಫ್ಲೆಕ್ಸು, ಅಪ್ಪ... ಎಲ್ಲ. ನಾನು ತಪ್ಪು ಮಾಡ್ದೆ. ಕ್ಷಮಿಸಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

"ಬೀಳಬ್ಯಾಡ್ರಿ. ಮಂದಿ ನೋಡ್ತಾರ. ಅವತ್ತೂ ನೋಡಿದ್ರು."

ಆ ಮಾತು ನಾಟಿತು. ನಾಟಲಿ ಅಂತಲೇ ಆಡಿದ್ದ ಅವನು.

"ಅಮ್ಮಾರು ಹೆಂಗದಾರ?"

"ಚೆನ್ನಾಗಿದಾರೆ. ನಿಮ್ಮನ್ನ ಕೇಳ್ತಾರೆ."

"ಸಾಕು ಬಿಡ್ರಿ. ಅದಕ್ಕ ಅಲ್ಲೇನ್ರಿ ನಾ ಸುಮ್ಮನಾಗಿದ್ದು. ಅವರು ಬದುಕ್ತಾರೋ ಇಲ್ಲೋ ಅನ್ನೂ ಹೊತ್ತಿನ್ಯಾಗ, ಕಟ್ಟಿಕೊಂಡ ಗಂಡನ ಕೈಯಾಗ ಹಿಂಗಾತು ಅಂತ ನಾ ಹೆಂಗ ಹೇಳ್ಲಿ?"

"ನಂಗಾದ್ರೂ ಹೇಳಬಹುದಿತ್ತಲ್ಲ!"

ಈಗ ಅವನ ಕಣ್ಣು ಕೆಂಪಾಯಿತು.

"ನೀವು ಕೇಳಿದ್ರೇನ್ರಿ? ಹೊಡದ್ರಿ. ಹೊಡೀರಿ, ಹೋಗ್ಲಿ. ನನ್ನ ಕೈಗೆ ಹೆಣ ಮಾಡೂ ಕೈ ಅಂದ್ರಿ. ಊರಿಗೆಲ್ಲಾ ಸಾರಿದ್ರಿ. ಇಪ್ಪತ್ತೊಂದು ಕೊಡ ಸುರಿದು ನೋಡಿದಾಕಿ ನೀವು! ಒಂದ ಒಂದು ಸಲ, 'ವಿಠ್ಠಲ, ಏನಾತು' ಅಂತ ಕೇಳಬೇಕಿತ್ತಲ್ರೀ. ನಾ ಆ ಒಂದು ಮಾತಿಗೆ ಐದು ದಿನ ಆಸ್ಪತ್ರಿ ಗೇಟಿನ್ಯಾಗ ಕಾದೀನಿ. ನೀವು ಎದುರಿಗೇ ಹೋದ್ರಿ, ಬಂದ್ರಿ. ಮುಖ ತಿರುವಿದ್ರಿ."

ಗಾಡಿ ಸ್ಟಾರ್ಟ್ ಮಾಡಿ ಹೊರಟೇಹೋದ. ಶುಭಾ ಅಲ್ಲೇ ಫುಟ್‌ಪಾತ್ ಮೇಲೆ ಕುಸಿದು ಕೂತಳು. ಅತ್ತಳು. ಅಳಲಿ ಬಿಡಿ. ಇಷ್ಟಾದರೂ ಬೇಡವಾ ಅವಳಿಗೆ?

ಕಣ್ಣೊರೆಸಿಕೊಂಡು ಮೊಬೈಲ್ ತೆಗೆದಳು. ಅದೇ ಗ್ರೂಪುಗಳು.

"ನಾನು ಶುಭಾ. ವಿಠ್ಠಲ ಅವರ ಬಗ್ಗೆ ನಾನು ಹೇಳಿದ್ದೆಲ್ಲ ಸುಳ್ಳು. ತಪ್ಪು ನಮ್ಮ ಮನೇದು. ಅವರು ಅಮ್ಮನ್ನ ಉಳಿಸೋಕೆ ಓಡಿ ಬಂದೋರು. ಭಾನುವಾರ ಬೆಳಿಗ್ಗೆ ಬಸ್ಸನ್ನ ದೀಪಾಂಜಲಿ ನಗರದ ಗಲ್ಲಿಗೆ ತರ್ತೀನಿ. ನಂಬದೋರು ಬಂದು ನೋಡಿ."

ಭಾನುವಾರ ಅವಳೇ ಸ್ಟೀರಿಂಗ್ ಹಿಡಿದಳು. ಬಸ್ ಹೊರಡೋ ಹೊತ್ತಿಗೆ ಅಪ್ಪ ಏದುಸಿರು ಬಿಡುತ್ತಾ ಹತ್ತಿದರು, ಕೈಯಲ್ಲಿ ಫ್ಲಾಸ್ಕು. ಅವಳು ಕರೆದಿರಲಿಲ್ಲ. ಅಮ್ಮ ಆಗಲೇ ತನ್ನ ಮಿಷಿನ್ನಿನ ಮುಂದೆ ಕೂತಾಗಿತ್ತು.

ಗಲ್ಲಿ ತುಂಬ ಜನ. ಸೀನ ಹೋಗಿ ವಿಠ್ಠಲನನ್ನ ಎಳೆದುಕೊಂಡೇ ಬಂದಿದ್ದ. ಅವನು ಗೋಡೆಗೆ ಒರಗಿ, ಕೈ ಕಟ್ಟಿ, ಯಾರನ್ನೂ ನೋಡದೆ ನಿಂತಿದ್ದ.

ಪದ್ಮನಾಭರು ಕೆಳಗಿಳಿದರು. ಸಾವಿರ ಮಕ್ಕಳನ್ನ ಗದರಿಸಿದ ಧ್ವನಿ ಅವತ್ತು ಹೊರಗೆ ಬರೋಕೇ ಒದ್ದಾಡಿತು.

"ಕಿಂಡಿ ಮೇಲೆ ಫ್ಲೆಕ್ಸ್ ಹಾಸಿಸಿದ್ದು ನಾನು. ನನ್ನ ಹೆಂಡತೀನ ಉಳಿಸೋಕೆ ಓಡಿ ಬಂದು ಹರಿದು ಹಾಕಿದ್ದು ಇವನು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೋನು ನಾನು. ನನ್ನ ಮಾನ ಉಳಿಸೋಕೆ ಇವನ ಹೆಸರು ಹೋಯ್ತು."

ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ವಿಠ್ಠಲನ ಮುಂದೆ ಹಿಡಿದರು. ಸ್ಟೀಲ್ ಲೋಟದಲ್ಲಿ.

ವಿಠ್ಠಲ ಲೋಟ ನೋಡಿದ.

"ಇವತ್ತ ಬ್ಯಾಡ್ರಿ ಸರ್. ಇನ್ನೊಂದು ದಿನ ಕುಡೀತೇನಿ."

ಲೋಟ ಹಿಡಿದ ಕೈ ಹಾಗೇ ನಿಂತಿತು. ಕ್ರೂರ ಅನಿಸ್ತಾ ನಿಮಗೆ? ನನಗಂತೂ ಅನಿಸಲಿಲ್ಲ.

ಚನ್ನವೀರೇಶ್ ಗಂಟಲು ಸರಿ ಮಾಡಿಕೊಂಡರು. "ಮಾತು ಕೇಳಿದ್ವಿ. ಆದ್ರೆ ನಮ್ಮ ಗಲ್ಲೀಲಿ ಬಾಯಿ ಮಾತಲ್ಲಿ ಕೆಲಸ ಪಾಸ್ ಆಗಲ್ಲ. ನೀರು ಬೀಳಲಿ. ವಿಠ್ಠಲ, ಹೋಗಿ ಕೂತ್ಕೋ."

"ಅವರಲ್ಲ," ಅಂದಳು ಶುಭಾ. "ಇವತ್ತು ನಾನು ಕೂರ್ತೀನಿ. ಅವರು ಸುರೀಲಿ."

ಆಗಲೇ ಎಲ್ಲರೂ ಗಮನಿಸಿದ್ದು, ಅವಳು ಬಿಳಿ ಸೀರೆ ಉಟ್ಟಿದ್ದಳು.

ವಿಠ್ಠಲ ಮೇಲೆ ಹತ್ತಿದ. ಸೀನ ಕೊಡ ಎತ್ತಿ ಎತ್ತಿ ಕೊಟ್ಟ. ಒಂದು... ಎರಡು... ಮೂರು... ಸುರಿಯೋದಲ್ಲ ಅದು, ಎರಚೋದು! ನಲವತ್ತು ದಿನದ ಸಿಟ್ಟೆಲ್ಲ ತಗಡಿನ ಮೇಲೆ ಧಡಾರ್ ಅಂತ ಬೀಳ್ತಿತ್ತು. ಕೆಳಗೆ ಕೂತ ಶುಭಾ ಪ್ರತಿ ಸದ್ದಿಗೂ ಬೆಚ್ಚಿದಳು. ಏಳಲಿಲ್ಲ.

ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು.

ಒಂದು ಹನಿಯೂ ಇಲ್ಲ. ಚನ್ನವೀರೇಶ್ ಒಳಗೆ ಬಂದು ಸೀರೆ ನೋಡಿ, ಹೊರಗೆ ಹೋಗಿ ಜೋರಾಗಿ ಹೇಳಿದರು. "ಪಾಸ್! ಮುಂದಿನ ವಾರ ನನ್ನ ಶೆಡ್ಡಿಗೆ ಬರ್ತಿರೋ ಎರಡು ಬಸ್ಸಿನ ಕಿಂಡಿ ಕೆಲಸ ವಿಠ್ಠಲಂದೇ. ಯಾರಿಗಾದ್ರೂ ತಕರಾರಿದೆಯಾ?"

ಯಾರಿಗೂ ಇರಲಿಲ್ಲ. ಶಿಳ್ಳೆ ಬಿತ್ತು. ಜನ ಕರಗಿದರು. ಅಮ್ಮ ಅಪ್ಪನನ್ನ ಕರೆದುಕೊಂಡು ಇಳಿದರು.

ಆದರೂ ಮೇಲೆ ಹೆಜ್ಜೆ ಸದ್ದು ನಿಂತಿರಲಿಲ್ಲ. ಧಡಾರ್! ಇಪ್ಪತ್ತೊಂದನೇದು.

ಆಮೇಲೆ ಮುಂದಿನ ಕಿಂಡಿಯ ಟೋಪಿ ಎತ್ತಿ, ಆ ಚೌಕದೊಳಗಿಂದ ಒಂದು ಮುಖ ಇಣುಕಿತು. ಬೆವರಿ, ಕೆಂಪಾಗಿ.

"ಎದ್ದು ಹೋಗ್ರಿ. ಪರೀಕ್ಷಾ ಮುಗೀತು."

"ನಿಮ್ಮ ಸಿಟ್ಟು ಹೋಯ್ತಾ?"

"ಇಲ್ಲ."

"ಹಾಗಾದ್ರೆ ಇನ್ನೂ ಸುರೀರಿ."

"ನೀರು ಖಾಲಿ ಆತ್ರಿ."

"ನಾಳೆ ತರಿಸ್ತೀನಿ. ನಾಳೆ ಸುರೀರಿ."

"ನಾಳೆನೂ ಹೋಗಂಗಿಲ್ಲ ಈ ಸಿಟ್ಟು."

"ನಾಡಿದ್ದೂ ಕೂರ್ತೀನಿ. ನೀವು ಮೇಲಿಂದ ಬೈತಾ ಇರಿ, ನಾನು ಕೆಳಗೆ ಕೂತಿರ್ತೀನಿ. ಹೋಗಿಬಿಡಬೇಡಿ ಅಷ್ಟೇ..." ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡಳು.

ಕಿಂಡಿಯಿಂದ ಗಾಳಿ ಬಂದು ಅವಳ ಹಣೆಯ ಕೂದಲನ್ನ ಸರಿಸಿತು.

ಶುಭಾ ತಲೆ ಎತ್ತಿದಳು. ಆವತ್ತು ಕೇಳಬೇಕಾಗಿದ್ದನ್ನ ಈಗ ಕೇಳಿದಳು.

"ವಿಠ್ಠಲ... ಏನಾಯ್ತು?"

ಅಷ್ಟು ಜನರ ಎದುರು ಅಳದವನು ಅವಳೊಬ್ಬಳ ಎದುರು ಅತ್ತುಬಿಟ್ಟ. ಟಪ್ ಅಂತ ಒಂದು ಹನಿ ಬಿಳಿ ಸೀರೆಯ ಮೇಲೆ ಬಿತ್ತು.

"ಭಾಳ ಆತು ಶುಭಾ," ಅಂದ. "ಹೇಳಾಕ ಭಾಳ ಹೊತ್ತು ಬೇಕು."

"ನಂಗೇನೂ ಅವಸರ ಇಲ್ಲ. ಇಳಿದು ಬನ್ನಿ."

"ಬರ್ತೇನಿ. ಅಳೂದು ನಿಲ್ಲಿಸು ಮೊದಲು."

"ನೀವು ಮೊದಲು!"

"ಆ ಹನಿ ಬಿತ್ತಲ್ಲ... ಕೆಲಸ ಫೇಲ್ ಆತೇನು?"

ಶುಭಾ ಸೀರೆಯ ಆ ಜಾಗವನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನಾನು ಯಾರಿಗೂ ಹೇಳಲ್ಲ," ಅಂದಳು.